ಸೊಂಟದಾಗ ಬೆಳೆಯಬಾರದ ಬೆಳೆ

ಗುಳಿಗೆ ಬರೆದುಕೊಡುವವರು ಡಾಕ್ಟರು. ಅದರಿಂದ ಏನು ಕೆಲಸ ಮಾಡಿಸಬೇಕೆಂದು ತೀರ್ಮಾನಿಸುವವರು ಮನೆಯವರು. ಹೀಗಾಗಿ ನಮ್ಮ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಅದು ಬರಗಾಲದ ವರ್ಷ. ನಮ್ಮ ಚಿಂತಾಕಿಯ ಅರ್ಧ ಊರು ದುಡಿಯಲು ಹೈದರಾಬಾದಿಗೆ ಹೋಗಿತ್ತು. ಅಪ್ಪ ತೀರಿಕೊಂಡು ಸ್ವಲ್ಪ ದಿನಕ್ಕೇ ಅವ್ವ ಜಾರಿ ಬಿದ್ದಳು. ಬೀದರಿನಲ್ಲಿ ಸೊಂಟದ ಕೀಲಿನ ಆಪರೇಷನ್ ಆಯಿತು. ಅಪ್ಪನ ವರ್ಷದ ಪೂಜೆಗೆ ಹೊಲದ ಸಮಾಧಿವರೆಗೆ ತನ್ನ ಕಾಲಿನಿಂದಲೇ ನಡೆದು ಹೋಗಬೇಕೆಂಬುದು ಅವಳ ಹಟ.

ಅಂಟಿನುಂಡಿ

ಡಾಕ್ಟರು ಬಾವು ಇಳಿಸುವ ಗುಳಿಗೆ ಕೊಟ್ಟರು. "ಈ ಆಪರೇಷನ್ ಆದ ಮ್ಯಾಲೆ ಕೆಲವರಿಗಿ ಕೀಲಿನ ಸುತ್ತ ಮಾಂಸದಾಗ ಬ್ಯಾಡಾದ ಎಲುಬು ಬೆಳೀತದ್ರಿ ಅಮ್ಮಾ. ಕಾಲು ಬಿಗೀತದ. ನೋವು ಇರ್ಲಿ ಬಿಡ್ಲಿ, ಊಟ ಮಾಡಿ ಇದನ್ನ ತೊಗೊಳ್ರಿ."

ಭಾಲ್ಕಿಯಿಂದ ಚಿಗವ್ವ ಡಬ್ಬಿ ತುಂಬ ಅಂಟಿನುಂಡಿ ತಂದಳು. "ತಿನ್ನಕ್ಕಾ, ಎಲುಬು ಬೆಳೀತಾವ."

ಅವ್ವ ಉಂಡಿ ತಿಂದು, ಅದರ ಬೆನ್ನಿಗೇ ಗುಳಿಗೆ ನುಂಗಿದಳು. "ಎರಡೂ ಒಳಗ ಕುಸ್ತಿ ಹಿಡೀಲಿ. ಯಾರು ಗೆದ್ರೂ ನಾ ನಡೀತೇನಿ."

ಸೋಮವಾರ

ಶ್ರಾವಣ ಬಂತು. "ಇವತ್ತ ಊಟ ಇಲ್ಲ, ಗುಳಿಗೀನೂ ಇಲ್ಲ" ಎಂದಳು ಅವ್ವ. ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ.

"ಖಾಲಿ ಹೊಟ್ಟೀಲೆ ಬ್ಯಾಡ್ರಿ. ಉಪವಾಸಕ್ಕ ಏನ್ ತಿಂತಾರ?"

ಒಂದೂ ಬಿಡದೆ ಹೇಳಿದೆ: ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಹಾಲು, ಸಂಜೆಗೆ ಮತ್ತೆ ಖಿಚಡಿ.

ಡಾಕ್ಟರು ಪಟ್ಟಿ ಪೂರ್ತಿ ಕೇಳಿಸಿಕೊಂಡರು. "ಗುಳಿಗಿ ಕೊಡ್ರಿ ಟೀಚರ್. ಉಪವಾಸ ಇರೋದು ನಾನೇ ಕಾಣ್ತದ."

ಮಾವನ ಬೆನ್ನು

ಗುಳಿಗೆಗಳು ಬೇಗ ಖಾಲಿಯಾಗತೊಡಗಿದವು. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊರುವ ಸೋದರಮಾವ ಬೆನ್ನು ನೋವೆಂದಾಗಲೆಲ್ಲ ಅವ್ವ ಕೊಡುತ್ತಿದ್ದಳು.

"ಅವ್ವಾ, ಅವು ನಿನಗ ಎಲುಬು ಬೆಳೀಬಾರದಂತ ಕೊಟ್ಟಿದ್ದು!"

"ಹೌದಲ್ಲ. ಅವನ ಬೆನ್ನಾಗ ಎಲುಬು ಬೆಳದ್ರ ಗಂಜಿನಾಗ ಚೀಲ ನೀ ಹೊರ್ತೀಯೇನು?"

ಗುಳಿಗೆಗಳನ್ನು ನನ್ನ ಶಾಲೆಯ ಬ್ಯಾಗಿಗೆ ಸೇರಿಸಿದೆ. ಮರುವಾರ ಮಾವ ಬಂದವನೇ ಬ್ಯಾಗಿನೊಳಗಿನ ಗುಳಿಗೆ ನೋಡಿ ನನ್ನನ್ನು ಕೇಳಿದ: "ಏನವ್ವಾ, ದವಾಖಾನಿ ಇಲ್ಲಿಗಿ ಬಂತೇನು?"

ಎಕ್ಸರೇ

ದಸರಾ ಹೊತ್ತಿಗೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನಕ್ಕರು. "ಏನೂ ಬೆಳದಿಲ್ಲ! ಭಾಳ ಛಲೋ ಆಯ್ತು."

ಅವ್ವನ ಮುಖ ಸಪ್ಪಗಾಯಿತು. "ಹೆಸರು ಬೆಳೀಲಿಲ್ಲ, ಉದ್ದು ಬೆಳೀಲಿಲ್ಲ, ಈಗ ಎಲುಬೂ ಬೆಳೀಲಿಲ್ಲ. ಈ ವರ್ಷ ಬೆಳಿ ಹೋಗಿದ್ದಕ್ಕ ನಕ್ಕವರು ನೀವೊಬ್ರೇ ನೋಡ್ರಿ."

ಪೂಜೆಯ ದಿನ ಕೋಲೂರಿಕೊಂಡು ಹೊಲಕ್ಕೆ ನಡೆದಳು. ಸಮಾಧಿಗೆ ಹೂ ಏರಿಸಿ, ಬಾಗಿ, ಅಪ್ಪನಿಗೆ ಮೆಲ್ಲಗೆ ಹೇಳಿದಳು: "ನಡ್ಕೋತೇ ಬಂದೇನ್ರಿ. ಕುಸ್ತಿಯಾಗ ಗುಳಿಗೀನೇ ಗೆದ್ದದ. ನನ್ನ ತಂಗಿಗಿ ಮಾತ್ರ ಹೇಳಬ್ಯಾಡ್ರಿ, ಉಂಡಿ ತರೋದು ಬಿಡ್ತಾಳ."