ಗೌರೀಶನ ಖಣದ ತಿಜೋರಿ

“ಇನ್ನ ಮ್ಯಾಲೆ ಈ ಮನ್ಯಾಗ ಒಂದು ಪೈಸಾ ದಂಡ ಆಗಂಗಿಲ್ಲ!”

ಬೆಳಗಾವಿ ಹಿಂದವಾಡಿಯ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು ಗೌರೀಶ ಹೀಗೆ ಘೋಷಿಸಿದಾಗ ಕೇಳುವುದಕ್ಕೆ ಇದ್ದವಳು ಹೆಂಡತಿ ಪೂರ್ಣಿಮಾ ಒಬ್ಬಳೇ. ಧ್ವನಿ ಮಾತ್ರ ಸಾವಿರ ಜನರ ಸಭೆಗೆ ಸಾಕಾಗುವಷ್ಟಿತ್ತು! ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ಸ್ಟೋರ್ ಕೀಪರ್. ಸ್ಟೋರಿನಲ್ಲಿ ಒಂದು ವಾಷರ್ ಕಡಿಮೆ ಬಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಏನೇನು ಕಡಿಮೆ ಬಿದ್ದಿದೆ ಎಂಬುದು ಮಾತ್ರ ಅವನಿಗೆ ಬಹಳ ತಡವಾಗಿ ಕಾಣುತ್ತಿತ್ತು.

ಈ ಸಲ ಕಂಡದ್ದು ಪೂರ್ಣಿಮಾಳ ಬರಿಗೈ. ಹಿಂದೊಮ್ಮೆ ಅವನು ಯಾರದೋ ಹಳೆಯ ಸ್ಕೂಟರಿಗೆ ಮರುಳಾಗಿ, ಅವಳ ಬಂಗಾರದ ಪಾಟಲಿಗಳನ್ನು ಸೊಸೈಟಿಯಲ್ಲಿ ಒತ್ತೆ ಇಡಿಸಿದ್ದ. ಮದುವೆಯಲ್ಲಿ ಅವಳ ತಾಯಿ ತನ್ನ ಕೈಯಿಂದ ತೆಗೆದು ಮಗಳ ಕೈಗೆ ಏರಿಸಿದ ಪಾಟಲಿಗಳು ಅವು. ಸ್ಕೂಟರು ಮನೆಗೆ ಬಂದು, ಇಳಿಜಾರಿನಲ್ಲಿ ಮಾತ್ರ ಓಡುವ ವ್ರತ ಹಿಡಿಯಿತು. ಪಾಟಲಿಗಳು ಅಲ್ಲೇ ಉಳಿದವು. ಈಗ ಬರುವ ಸೋಮವಾರದೊಳಗೆ ಬಿಡಿಸಿಕೊಳ್ಳದಿದ್ದರೆ ಹರಾಜು ಎಂದು ಸೊಸೈಟಿಯವರು ಹೇಳಿ ಕಳಿಸಿದ್ದರು. ಪೂರ್ಣಿಮಾ ರೊಟ್ಟಿ ಬಡಿಯುವಾಗ ಬರೀ ಗಾಜಿನ ಬಳೆ ಸದ್ದು ಮಾಡುವುದನ್ನು ಕೇಳಿದರೆ ಗೌರೀಶ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಹಾಗಾಗಿ ಉಳಿತಾಯದ ಯುದ್ಧ ಆರಂಭವಾಯಿತು. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗೆಲ್ಲ ಬ್ರಷ್ ಆಡಿಸುವುದು. ಊದಿನಕಡ್ಡಿ ಅರ್ಧ ಉರಿದ ಮೇಲೆ ದೇವರ ಎದುರಿಗೇ ಆರಿಸಿ ಸಂಜೆಗೆ ಇಡುವುದು. ಪೇಪರು ಬಂದ್ ಮಾಡಿ ಕಟಿಂಗ್ ಅಂಗಡಿಯಲ್ಲಿ ಕುಳಿತು ಓದುವುದು. ಸುಮ್ಮನೆ ಕುಳಿತು ಓದಿದರೆ ಅಂಗಡಿಯವನ ಮುಖ ಗಂಟಾಗುತ್ತಿತ್ತು, ಹಾಗಾಗಿ ಗೌರೀಶ ದಿನಾಲೂ ದಾಡಿ ಮಾಡಿಸಿಕೊಳ್ಳತೊಡಗಿದ. ಪೇಪರಿಗಿಂತ ದಾಡಿಯೇ ತುಟ್ಟಿಯಾಯಿತು! ಅಗ್ಗ ಸಿಕ್ಕಿತೆಂದು ಮಾರ್ಕೆಟ್ಟಿನಿಂದ ಒಂದು ಬುಟ್ಟಿ ಟೊಮ್ಯಾಟೊ ಹೊತ್ತು ತಂದ. ಮುಂಜಾನೆ ಸಾರು, ಮಧ್ಯಾಹ್ನ ಚಟ್ನಿ, ಸಂಜೆ ಗೊಜ್ಜು ತಿಂದು ತಿಂದು ಕಡೆಗೆ ಉಳಿದದ್ದನ್ನು ಬಾಜು ಮನೆಯ ಎಮ್ಮೆಗೆ ಹಾಕಿದರು. ಎಮ್ಮೆ ಮೂಸಿ ನೋಡಿ ಮುಖ ತಿರುವಿತು.

ಆದರೂ ಗೌರೀಶ ಎದೆಗುಂದಲಿಲ್ಲ. ಅವನ ಮುಖ್ಯ ಅಸ್ತ್ರ ಇನ್ನೂ ಬತ್ತಳಿಕೆಯಲ್ಲೇ ಇತ್ತು.

“ಯಾರ ಮನಿ ಕಾರ್ಯ ಇದ್ರೂ ಆಯಾರಕ್ಕ ಹೊಸಾ ಖಣ ತರೂದು ಬಂದ್! ಟ್ರಂಕಿನ್ಯಾಗ ಇದ್ದದ್ದ ಕೊಡು. ಅದೂ ಹೆಂಗ? ನಮ್ಮ ಸ್ಟೋರಿನ್ಯಾಗ ಇದ್ದಂಗ. ಹಳೇ ಮಾಲು ಮೊದ್ಲ ಹೊರಗ, ಹೊಸಾ ಮಾಲು ಆಮ್ಯಾಲೆ.”

“ನಮ್ಮ ಟ್ರಂಕು ಯಾವಾಗ ಫ್ಯಾಕ್ಟರಿ ಆತ್ರಿ?” ಎಂದಳು ಪೂರ್ಣಿಮಾ.

“ನಿನಗ ತಿಳಿಯಂಗಿಲ್ಲ. ಶಿಸ್ತು ಅಂದ್ರ ಶಿಸ್ತು!”

ಆಯಾರದ, ಅಂದರೆ ಉಡುಗೊರೆಯ, ಖಣದ ಬಗ್ಗೆ ಗೌರೀಶನದು ಒಂದು ದೊಡ್ಡ ಸಂಶೋಧನೆಯೇ ಇತ್ತು. ಮದುವೆ, ಮುಂಜಿ, ವಾಸ್ತು, ತೊಟ್ಟಿಲು, ಏನೇ ಇರಲಿ, ಹೆಂಗಸರ ಉಡಿಗೆ ಒಂದು ಕುಪ್ಪಸದ ಖಣ ಬೀಳಲೇಬೇಕು. ಹಾಗೆ ಬಿದ್ದ ಖಣ ಟ್ರಂಕು ಸೇರಿ, ಅಲ್ಲಿಂದ ಇನ್ನೊಬ್ಬರ ಉಡಿಗೆ ಬಿದ್ದು, ಊರೂರು ತಿರುಗುತ್ತದೆಯೇ ಹೊರತು ದರ್ಜಿಯ ಮುಖ ನೋಡುವುದಿಲ್ಲ. “ಲೋಕದಾಗ ಯಾರೂ ಬಿಚ್ಚಿ ನೋಡದ ವಸ್ತು ಅಂದ್ರ ಆಯಾರದ ಖಣ!” ಎಂದು ಅವನು ಕಾರ್ಖಾನೆಯಲ್ಲಿ ಆಗಾಗ ಭಾಷಣ ಬಿಗಿಯುತ್ತಿದ್ದ.

ಈ ಸಂಶೋಧನೆಯ ಮೇಲೆಯೇ ಅವನು ತನ್ನ ಗುಪ್ತ ಖಜಾನೆಯನ್ನು ಕಟ್ಟಿದ. ಓವರ್‌ಟೈಮಿನ ದುಡ್ಡು, ಬೋನಸ್ಸು ಎಲ್ಲ ಸೇರಿಸಿ ಐದುನೂರರ ನೋಟು ಮಾಡಿಸಿಕೊಂಡ. ಸೋಮವಾರ ಮುಂಜಾನೆ ಪಾಟಲಿ ಬಿಡಿಸಿ ತಂದು ಪೂರ್ಣಿಮಾಳ ಕೈಗೆ ತಾನೇ ಏರಿಸಬೇಕು, ಅವಳು ಬೆರಗಾಗಿ ಬಾಯಿ ತೆರೆಯಬೇಕು ಎಂಬುದು ಅವನ ಆಸೆ. ಬ್ಯಾಂಕಿನಲ್ಲಿಟ್ಟರೆ ಪಾಸ್‌ಬುಕ್ಕು ಅವಳ ಕಣ್ಣಿಗೆ ಬೀಳುತ್ತದೆ. ಅಕ್ಕಿ ಡಬ್ಬಿ ಅವಳದೇ ರಾಜ್ಯ. ಹೀಗೆಲ್ಲ ವಿಚಾರ ಮಾಡಿ, ಟ್ರಂಕಿನ ಖಣಗಳಲ್ಲಿ ಎಲ್ಲಕ್ಕಿಂತ ತಳದಲ್ಲಿದ್ದ ಹಸಿರು ಖಣದ ಮಡಿಕೆಯೊಳಗೆ ನೋಟುಗಳನ್ನು ಜಾರಿಸಿ, ಮೀಸೆಯಡಿಯಲ್ಲೇ ನಕ್ಕ.

ಆ ಗುರುವಾರ ಖಾನಾಪುರದಲ್ಲಿ ಅವನ ದೊಡ್ಡಪ್ಪನ ಮಗಳು ಗಂಗಾದೇವಿಯ ಹೊಸ ಮನೆಯ ವಾಸ್ತು ಇತ್ತು. “ಇಬ್ಬರು ಹೋದ್ರ ಎರಡು ಟಿಕೀಟು. ನೀ ಒಬ್ಬಾಕೀನ ಹೋಗಿ ಬಾ,” ಎಂದು ಗೌರೀಶ ಅಲ್ಲಿಯೂ ಉಳಿಸಿದ. ಪೂರ್ಣಿಮಾ ಹೋಗಿ ಆಯಾರ ಮಾಡಿ, ಹೋಳಿಗೆ ಉಂಡು ಬಂದಳು.

ಶನಿವಾರ ಸಂಜೆ ಕೆಲಸದಿಂದ ಬಂದವನೇ ಗೌರೀಶ ಮೆಲ್ಲಗೆ ಟ್ರಂಕು ತೆರೆದ. ಕೆಂಪು ಖಣ ಇತ್ತು, ಹಳದಿ ಖಣ ಇತ್ತು, ಹಸಿರು ಖಣ ಇರಲಿಲ್ಲ!

“ಏ ಪೂರ್ಣಿ! ತಳಕ್ಕ ಒಂದು ಹಸರ ಖಣ ಇತ್ತಲ್ಲ?”

“ಗಂಗಕ್ಕಗ ಆಯಾರ ಮಾಡಿದ್ನಲ್ಲಾ.”

“ಅದನ್ನ ಯಾಕ ಕೊಟ್ಟಿ?”

“ನೀವ ಹೇಳೀರಿ, ಹಳೇ ಮಾಲು ಮೊದ್ಲ ಹೊರಗ ಅಂತ. ತಳಕ್ಕಿದ್ದದ್ದ ಹಳೇದು. ಯಾಕ್ರಿ, ಏನಿತ್ತು ಅದರಾಗ?”

“ಏನಿರ್ತೈತಿ? ಖಣದಾಗ ಖಣಾನ ಇರ್ತೈತಿ!”

ಕಳ್ಳನಿಗೆ ಚೇಳು ಕಡಿದಂತಾಯಿತು. ಕೂಗುವಂತಿಲ್ಲ, ಸುಮ್ಮನಿರುವಂತಿಲ್ಲ. ಪೂರ್ಣಿಮಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಒಗ್ಗರಣೆಯ ಘಾಟಿಗೆ ಕೆಮ್ಮು ಬಂದಿರಬೇಕು ಎಂದುಕೊಂಡ ಗೌರೀಶ.

ಮರುದಿನ ಮುಂಜಾನೆ ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

“ಆಯತವಾರ ಎಲ್ಲಿಗ್ರಿ?”

“ಫ್ಯಾಕ್ಟರಿಗೆ. ಸ್ಟಾಕ್ ನೋಡೂದೈತಿ.”

“ಹೌದೇನ್ರಿ? ಒಂದೂ ಬಿಡದಂಗ ನೋಡಿ ಬರ್ರಿ,” ಎಂದಳು ಪೂರ್ಣಿಮಾ, ಬಹಳ ಮೃದುವಾಗಿ.

ಬೆಳಗಾವಿಯಿಂದ ಹೋಗುವವರು ಕುಂದಾ ಇಲ್ಲದೆ ಇನ್ನೊಬ್ಬರ ಹೊಸ್ತಿಲು ತುಳಿಯುವುದುಂಟೆ? ಅರ್ಧ ಕಿಲೋ ಕುಂದಾ ಕಟ್ಟಿಸಿ ರೈಲು ಹತ್ತುವಾಗ ಗೌರೀಶ ಹಗುರಾದ ಕಿಸೆಯನ್ನು ಎರಡು ಸಲ ಮುಟ್ಟಿ ನೋಡಿಕೊಂಡ. ಖಾನಾಪುರದಲ್ಲಿ ಗಂಗಾದೇವಿ ಹೊಸ ಮನೆಯ ಬಾಗಿಲಲ್ಲೇ ಸಿಕ್ಕಳು.

“ಬಾರೋ ಗೌರ್ಯಾ! ವಾಸ್ತುಕ್ಕ ಬಾರದಾಂವ ಇವತ್ತ ಹೆಂಗ ದಾರಿ ತಪ್ಪಿದಿ?”

“ನಿನ್ನ ಮನಿ ನೋಡೂಣಂತ ಬಂದೆ, ಅಕ್ಕಾ.” ಗೌರೀಶ ಗೋಡೆ ನೋಡಿದ, ಕಿಟಕಿ ನೋಡಿದ, ಬಚ್ಚಲಿಗೂ ಹೋಗಿ ಹೊಗಳಿ ಬಂದ. ಆಮೇಲೆ ಮೆಲ್ಲಗೆ, “ಅಕ್ಕಾ, ಪೂರ್ಣಿ ಒಂದು ಖಣ ಕೊಟ್ಟಾಳಲ್ಲ…” ಎಂದ.

“ಛಲೋ ಐತಿ ಬಿಡೋ. ಬಣ್ಣಾನೂ ಛಲೋ.”

“ಛಲೋ ಐತಿ. ಅದಕ್ಕ… ವಾಪಸ್ ಬೇಕಾಗಿತ್ತು.”

ಗಂಗಾದೇವಿಯ ಮುಖ ಕಪ್ಪಿಟ್ಟಿತು. ಕೊಟ್ಟ ಆಯಾರವನ್ನು ಮರಳಿ ಕೇಳುವ ಗಂಡಸು ಅವರ ವಂಶದಲ್ಲಿ ಆವರೆಗೆ ಹುಟ್ಟಿರಲಿಲ್ಲ! ಮರ್ಯಾದೆ ಹೋಗುವ ಹೊತ್ತಿಗೆ ಗೌರೀಶನ ನಾಲಿಗೆ ತಾನಾಗಿಯೇ ಓಡಿತು.

“ಅದು ದೇವೀ ಖಣ, ಅಕ್ಕಾ! ದೇವೀಗೆ ಬೇಡ್ಕೊಂಡು ತಗದಿಟ್ಟಿದ್ದು. ಪೂರ್ಣಿ ತಿಳೀದ ಕೊಟ್ಟಾಳ.”

“ಯವ್ವಾ!” ಎಂದು ಗಂಗಾದೇವಿ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಅದನ್ನ ನಾ ಗುಂಜಿ ಸಾವಂತ್ರವ್ವಗ ಉಡಿ ತುಂಬಿ ಕಳಿಸೀನಲ್ಲೋ!”

ಗುಂಜಿಯ ಸಾವಂತ್ರವ್ವ ಆ ಮನೆಗೆ ವರ್ಷಗಟ್ಟಲೆ ಬೆಣ್ಣೆ ತಂದು ಕೊಡುತ್ತಿದ್ದವಳು. ವಾಸ್ತುವಿಗೆ ಬಂದಿದ್ದಳು. ಅವಳ ಮಗಳು ಮಾಯಾಗೆ ಈ ಭಾನುವಾರವೇ ಕುಬಸ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹಸಿರು ಖಣ ಕೊಟ್ಟು ಹರಸುವ ಹಬ್ಬ ಅದು.

“ನಾ ಒಬ್ನ ಹೋಗಿ ತರ್ತೀನಿ ಅಕ್ಕಾ.”

“ಏನೋ ಒಬ್ನ? ದೇವೀ ಮಾತಂದ್ರ ಚಾಷ್ಟಿ ಅಲ್ಲ. ನಾನೂ ಬರಾಕಿ!”

ಹೀಗೆ ಒಂದು ಟಿಕೀಟು ಉಳಿಸಿದವನು ಎರಡು ಟಿಕೀಟು ತೆಗೆಸಿ, ಸಾವಂತ್ರವ್ವನ ಮನೆಗೆಂದು ಬಾಳೆಹಣ್ಣು, ತೆಂಗಿನಕಾಯಿ ಕೊಂಡು ಗುಂಜಿಗೆ ಟೆಂಪೋ ಹತ್ತಿದ.

ಅಲ್ಲಿ ಮನೆ ತುಂಬ ಹೆಂಗಸರು. ನಡುವೆ ಹಸಿರುಟ್ಟ ಮಾಯಾ ನಾಚಿಕೊಂಡು ಕುಳಿತಿದ್ದಾಳೆ. ಅವಳ ಉಡಿಯಲ್ಲಿ ತೆಂಗಿನಕಾಯಿ, ಅದರ ಪಕ್ಕಕ್ಕೇ ಗೌರೀಶನ ಖಜಾನೆ! ಮಡಿಕೆ ಕೂಡ ಕದಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು. ಮೆಲ್ಲಗೆ ಸಾವಂತ್ರವ್ವನನ್ನು ಬದಿಗೆ ಕರೆದು ಹೇಳೋಣ ಎನ್ನುವಷ್ಟರಲ್ಲಿ ಗಂಗಾದೇವಿ ಬಾಗಿಲಿನಿಂದಲೇ ಡಂಗುರ ಸಾರಿದಳು.

“ಸಾವಂತ್ರವ್ವಾ, ಅದು ದೇವೀ ಖಣ ಅಂತ!”

ಸಾವಂತ್ರವ್ವ ಎರಡೂ ಕೈ ಎತ್ತಿ ಮುಗಿದಳು. ಕಣ್ಣಲ್ಲಿ ನೀರು.

“ನನ್ನ ಮಗಳಿಗೆ ಎಷ್ಟ್ ವರ್ಷದ ಮ್ಯಾಲೆ ಬಸರ ನಿಂತೈತಿ ಯಪ್ಪಾ! ದೇವೀನ ತನ್ನ ಖಣ ಕಳಿಸ್ಯಾಳ!”

“ಕಳಿಸಿಲ್ಲ ಯವ್ವಾ, ತಪ್ಪಿ ಬಂದೈತಿ…”

“ದೇವಿ ತಪ್ಪತಾಳೇನ್ರಿ?”

ಉಡಿಯಲ್ಲಿ ಬಿದ್ದದ್ದನ್ನು ಮರಳಿ ತೆಗೆಯುವುದಿಲ್ಲ, ಅದರಲ್ಲೂ ಬಸುರಿಯ ಉಡಿಯಿಂದ! ಹೆಂಗಸರು ಆರತಿ ತಂದರು. ಹಾಡು ಹೇಳಿದರು. ಗೌರೀಶನನ್ನು ಮಣೆಯ ಮೇಲೆ ಕೂಡಿಸಿ ಹಣೆಗೆ ಭಂಡಾರದ ಅರಿಶಿನ ಬಳಿದರು. ಪಾಟಲಿ ಮಾತ್ರ ಅವನ ಕಣ್ಣ ಮುಂದೆ ಕುಣಿಯುತ್ತಿದ್ದವು. ಕಡೆಗೆ ಅವನು ಕೈ ಜೋಡಿಸಿದ.

“ಖಣ ನಿಮ್ಮಲ್ಲೇ ಇರಲಿ. ಒಮ್ಮೆ ಬಿಚ್ಚಿ ಕುಂಕುಮ ಹಚ್ಚಬೇಕಂತ… ಕನಸಿನ್ಯಾಗ ಅಪ್ಪಣೆ ಆಗೈತಿ.”

ಮಾಯಾ ನಗುತ್ತ ಖಣವನ್ನು ಅವನ ಕೈಗಿಟ್ಟಳು. ಗೌರೀಶ ಒಂದು ಮಡಿಕೆ ಬಿಚ್ಚಿದ. ಇನ್ನೊಂದು ಬಿಚ್ಚಿದ. ಝಾಡಿಸಿದ. ಅಕ್ಕಿಕಾಳು ಉದುರಿದವು. ಪೂರ್ತಿ ಬಿಚ್ಚಿ ಮುಖದ ಮುಂದೆ ಹಿಡಿದು ಈ ಕಡೆಯಿಂದ ನೋಡಿದ, ತಿರುವಿ ಆ ಕಡೆಯಿಂದಲೂ ನೋಡಿದ.

“ದೇವಿ ಕಂಡ್ಳೇನ್ರಿ?” ಒಬ್ಬ ಮುದುಕಿ ಭಕ್ತಿಯಿಂದ ಕೇಳಿದಳು.

“ಕಂಡ್ಳು.”

“ಏನಂದ್ಳ್ರಿ?”

“ಏನೂ ಇಲ್ಲ ಅಂದ್ಳು!”

ದೇವಿಯ ದೂತನಾಗಿ ಬಂದವನು ಬರಿಗೈಯಲ್ಲಿ ಹರಸಬಾರದೆಂದು ಗಂಗಾದೇವಿ ಅವನ ಪಕ್ಕೆಗೆ ತಿವಿದಳು. ಕಿಸೆಯಲ್ಲಿದ್ದ ನೂರರ ನೋಟೂ ಮಾಯಾಳ ಉಡಿ ಸೇರಿತು. ಆದರೆ ಒಂದು ಮಾತು ಹೇಳಲೇಬೇಕು. ಆ ಹುಡುಗಿ ಬಾಗಿ ಕಾಲಿಗೆ ಎರಗಿದಾಗ, ಅಷ್ಟೆಲ್ಲ ಸಂಕಟದ ನಡುವೆಯೂ ಗೌರೀಶನ ಬಾಯಿಂದ “ಸುಖವಾಗಿ ಹಡಿ ತಂಗಿ” ಎಂಬ ಮಾತು ಹೊಟ್ಟೆಯಾಳದಿಂದ ಬಂತು. ಆಮೇಲೆ ಅವನಿಗೆ ಹೋಳಿಗೆ, ಕಡುಬು, ಮೊಸರನ್ನ ಬಡಿಸಿ ಬಡಿಸಿ ಹೊಟ್ಟೆ ಬಿರಿಯುವಂತೆ ಉಣಿಸಿದರು. ಸಾವಂತ್ರವ್ವ ಬೆಣ್ಣೆಯ ಗಡಿಗೆಯೊಂದನ್ನು ಕೈಗೆ ಕೊಟ್ಟೇ ಕಳಿಸಿದಳು.

ರೈಲಿನಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಗೌರೀಶನಿಗೆ ಅಳುವೇ ಬಂತು. ದಾರಿಯಲ್ಲಿ ಯಾರ ಕೈ ಸೇರಿತೋ ದುಡ್ಡು! ನಾಳೆ ಹರಾಜು. ಇನ್ನು ಹೆಂಡತಿಯ ಮುಂದೆ ಶಿಸ್ತಿನ ಭಾಷಣ ನಡೆಯದು. ಇದ್ದದ್ದು ಇದ್ದಂತೆ ಹೇಳಿಬಿಡುವುದೇ ಸರಿ ಎಂದು ನಿರ್ಧರಿಸಿದ.

ಸಂಜೆ ಮನೆ ಮುಟ್ಟಿದಾಗ ಪೂರ್ಣಿಮಾ ಬಾಗಿಲು ತೆರೆದಳು. ಭಂಡಾರ ಬಳಿದ ಹಣೆಯನ್ನೂ ಗಡಿಗೆಯನ್ನೂ ನೋಡಿದಳು.

“ಮಚ್ಛೆ ಫ್ಯಾಕ್ಟರಿಯಾಗ ಈಗ ಬೆಣ್ಣಿ ಕಡಿಯಾಕತ್ತಾರೇನ್ರಿ?”

“ಪೂರ್ಣೀ,” ಎಂದ ಗೌರೀಶ, ಹೊಸ್ತಿಲಲ್ಲೇ ನಿಂತು. “ನಾ ಶ್ಯಾಣ್ಯಾ ಅಂತ ತಿಳ್ಕೊಂಡಿದ್ದೆ. ನಿನ್ನ ಪಾಟಲಿ ಬಿಡಿಸಾಕ ದುಡ್ಡು ಕೂಡಿಸಿ ಆ ಖಣದಾಗ ಇಟ್ಟಿದ್ದೆ. ಹೋತು. ನಿಮ್ಮವ್ವ ಕೊಟ್ಟ ಪಾಟಲಿ, ನನ್ನ ಕೈಯಿಂದ ಹೋದುವು.”

ಪೂರ್ಣಿಮಾ ಗಡಿಗೆ ಇಸಿದುಕೊಳ್ಳಲು ಕೈ ಚಾಚಿದಳು. ಸೆರಗಿನೊಳಗಿಂದ ಹೊರಬಂದ ಎರಡೂ ಕೈಗಳಲ್ಲಿ ಪಾಟಲಿಗಳು ಮಿಣ್ಣಗೆ ಹೊಳೆದವು!

ಗೌರೀಶನ ಕೈಯಿಂದ ಗಡಿಗೆ ಜಾರಲಿತ್ತು. ಅವಳೇ ಹಿಡಿದುಕೊಂಡಳು.

“ಶನಿವಾರ ಮುಂಜಾನೆ ಸೊಸೈಟಿಗೆ ಹೋಗಿ ಬಿಡಿಸ್ಕೊಂಡು ಬಂದೆ. ನೀವಾಗೇ ಹೇಳ್ತೀರೇನಂತ ರಾತ್ರಿ ತನಕಾ ಕಾದೆ. ನೀವು ಸ್ಟಾಕ್ ನೋಡಾಕ ಓಡಿದ್ರಿ!”

“ಆದ್ರ… ಆಯಾರದ ಖಣಾ ಯಾರೂ ಬಿಚ್ಚಿ ನೋಡಂಗಿಲ್ಲ…”

“ಇಲಿ ಕಡದೈತೋ, ಮಾಸೈತೋ ನೋಡದ ಇನ್ನೊಬ್ಬರ ಉಡಿಗೆ ಹಾಕಾಕ ನಾ ಏನ್ ಗಂಡಸೇನ್ರಿ?”

ಗೌರೀಶ ಹೊಸ್ತಿಲ ಮೇಲೆ ಕುಸಿದು ಕುಳಿತು ನಗತೊಡಗಿದ. ಪೂರ್ಣಿಮಾಳೂ ಪಕ್ಕದಲ್ಲೇ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪಾಟಲಿ ಘಲ್ಲೆಂದವು. ನಗು ಇಳಿದ ಮೇಲೆ ಅವನೊಳಗಿನ ಸ್ಟೋರ್ ಕೀಪರ್ ಮೆಲ್ಲಗೆ ತಲೆ ಎತ್ತಿದ.

“ಸಾಲ ತೀರಿ ಒಂದಿಷ್ಟು ಉಳಿದಿರಬೇಕಲ್ಲ?”

“ಉಳದೈತಿ. ಇಟ್ಟೀನಿ.”

“ಎಲ್ಲಿ?”

“ಈ ಮನ್ಯಾಗ ನೀವು ಒಮ್ಮೆನೂ ಕೈ ಹಚ್ಚದ ಜಾಗಾದಾಗ.”

ಅಂಥ ಜಾಗಗಳು ತನ್ನ ಮನೆಯಲ್ಲಿ ಇಷ್ಟೊಂದು ಇವೆ ಎಂದು ಗೌರೀಶನಿಗೆ ಆ ತನಕ ಗೊತ್ತೇ ಇರಲಿಲ್ಲ. ಸೋಮವಾರ ಬೆಳಗಾಗುತ್ತಲೇ ಕಸಬರಿಗೆ ಹಿಡಿದು ಮೂಲೆ ಮೂಲೆ ಗುಡಿಸಿದ. ಹಾಸಿಗೆ ಝಾಡಿಸಿದ. ಬಟ್ಟೆ ಒಗೆಯುವ ಕಲ್ಲಿನ ಸುತ್ತ ತಡಕಿದ, ಹೇಗೂ ಅಲ್ಲಿದ್ದೇನೆಂದು ಬಟ್ಟೆಯನ್ನೂ ಒಗೆದ. ಕಡೆಗೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಪಾತ್ರೆಯನ್ನು ತಿರುವಿ ನೋಡುತ್ತ ತಿಕ್ಕತೊಡಗಿದ.

ದಿನಾ ಭಾಂಡೆ ತಿಕ್ಕಲು ಬರುವ ಫಕೀರವ್ವ ಬಾಗಿಲಲ್ಲೇ ಗಲ್ಲಕ್ಕೆ ಕೈ ಹಚ್ಚಿ ನಿಂತಳು.

“ಇದೇನ್ರೀ ಬಾಯಾರ! ಸಾಹೇಬ್ರು ಭಾಂಡೆ ತಿಕ್ಕಾಕತ್ತಾರ?”

ಪೂರ್ಣಿಮಾ ಪಾಟಲಿಯ ಕೈಯಿಂದ ಎರಡು ಕಪ್ಪು ಚಹಾ ಸೋಸಿದಳು.

“ಬಾರಬೇ ಫಕೀರವ್ವಾ, ಕುಂದರು, ಚಾ ಕುಡಿ. ಸಾಹೇಬ್ರು ಉಳಿತಾಯ ಮಾಡಾಕತ್ತಾರ!”