ಜೇನು ಸಾಕಣೆಯ ಕಾರ್ಡು

ದಾಂಡೇಲಿಯಲ್ಲಿ ನನ್ನದು ಹಳೆ ಸಾಮಾನಿನ ಅಂಗಡಿ. ಬರಿಗೈಯಿಂದ ಕಟ್ಟಿದ್ದು. ಆದಕಾರಣ, ಯಾರೂ ಕೇಳದಿದ್ದರೂ ಸಲಹೆ ಕೊಡುವ ಹಕ್ಕು ನನಗುಂಟು!

ನಮ್ಮ ಓಣಿಯ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂತು. ಗ್ರಂಥಪಾಲಕಿ ರೇಷ್ಮಾ ಪುಸ್ತಕಕ್ಕೊಂದರಂತೆ ಇದ್ದ ಹಳೆ ಕಾರ್ಡುಗಳನ್ನು ನೋಡಿ ಹೆಸರು, ಲೇಖಕರು, ಕಪಾಟಿನ ನಂಬರು ಎಲ್ಲವನ್ನೂ ಎಕ್ಸೆಲ್‌ನಲ್ಲಿ ತುಂಬಿದ್ದಳು. ನನ್ನ ಕಣ್ಣು ಮಾತ್ರ ಕಾರ್ಡುಗಳ ಸಾಗವಾನಿ ಪೆಟ್ಟಿಗೆಯ ಮೇಲೆ. ಒಂದು ಕಬ್ಬಿಣದ ರ‍್ಯಾಕ್ ಕೊಟ್ಟು ಅದನ್ನು ಎತ್ತಿಕೊಂಡೆ.

"ಕಾರ್ಡ್ ಇರ್ಲಿ ಕಾಕಾ, ಒಮ್ಮಿ ತಾಳೆ ನೋಡಬೇಕ್ರಿ," ಅಂದಳು.

"ಕಂಪ್ಯೂಟರಿಗೆ ಹೋದಮ್ಯಾಲೆ ಕಾಗದ ಯಾಕವಾ?"

ಕಾರ್ಡುಗಳನ್ನು ಗೋಣಿಚೀಲಕ್ಕೆ ಸುರಿದು ಚುರುಮುರಿ ಕಲಸಿದ ಗಿರಮಿಟ್ ಮಾರುವ ಗಾಡಿಯ ಬಸಪ್ಪನಿಗೆ ಕೊಟ್ಟೆ. ಗಿರಾಕಿಗಳಿಗೆ ಚಮಚದ ಬದಲು ದಪ್ಪ ಕಾಗದ ಅವನಿಗೆ ಬೇಕಿತ್ತು. ನನಗೆ ಒಂದು ಪ್ಲೇಟ್ ಗಿರಮಿಟ್. ವ್ಯವಹಾರ ಅಂದರೆ ಇದು!

ಮರುದಿನ ರೇಷ್ಮಾ ಪಟ್ಟಿಯನ್ನು ಅಕಾರಾದಿಯಾಗಿ ಹೊಂದಿಸಲು ಕೂತಿದ್ದಳು. "ಅತ್ತ ಸರಿಯವಾ, ನಮ್ಮ ಅಂಗಡಿ ಸ್ಟಾಕ್ ನಾನ ಹೊಂದಸ್ತೇನಿ," ಎಂದು ಮೌಸ್ ಹಿಡಿದೆ. ಪುಸ್ತಕದ ಹೆಸರುಗಳ ಸಾಲನ್ನು ಮಾತ್ರ ಗುರುತು ಮಾಡಿದೆ. ಪಕ್ಕದ ಸಾಲುಗಳನ್ನೂ ಜೊತೆಗೆ ಸರಿಸಲೇ, ಇದೊಂದನ್ನೇ ಸರಿಸಲೇ ಎಂದು ಕಂಪ್ಯೂಟರ್ ಕೇಳಿತು. ವ್ಯಾಪಾರದಲ್ಲಿ ಮೊದಲು ಹೇಳಿದ್ದಕ್ಕೆ ಒಪ್ಪಿದವನು ನಾನಲ್ಲ. ಎರಡನೆಯದನ್ನು ಒತ್ತಿದೆ. ಸೇವ್ ಮಾಡಿ, ಮುಚ್ಚಿಯೂ ಬಿಟ್ಟೆ!

ಮತ್ತೆ ತೆರೆದರೆ ಹೆಸರುಗಳಷ್ಟೇ ಕದಲಿದ್ದವು, ಉಳಿದದ್ದು ಕೂತಲ್ಲೇ ಕೂತಿತ್ತು. ಬಾಣಂತಿ ಆರೈಕೆಯನ್ನು ಬರೆದವರು ಒಬ್ಬ ಕುಸ್ತಿ ಪೈಲ್ವಾನರು. ಉಪ್ಪಿನಕಾಯಿ ಕಾನೂನಿನ ಕಪಾಟಿನಲ್ಲಿ.

"ಇನ್ನೊಂದು ಪ್ರತಿ ಇಟ್ಟೀಯೇನವಾ?"

"ಕಾರ್ಡ್ ಇದ್ವಲ್ರಿ!"

ಓಡಿದೆ. ಬಸಪ್ಪ ಶಾಂತವಾಗಿ, "ಅರ್ಧ ಖರ್ಚಾಗ್ಯಾವ್ರಿ. ಮೊದಲ ತಿನ್ರಿ," ಎಂದು ಪ್ಲೇಟ್ ಕೊಟ್ಟ. ಅದರಲ್ಲಿ ಸಿಗಿಸಿದ್ದ ಕಾರ್ಡು: ಜೇನು ಸಾಕಣೆ.

ಅಕ್ಷರ ಸುಲೋಚನಾಳದು.

ನನ್ನ ಹೆಂಡತಿ. ತೀರಿಹೋಗಿ ನಾಲ್ಕು ವರ್ಷ. ಮದುವೆಗೆ ಮುಂಚೆ ಅವಳು ಕೆಲಸ ಮಾಡಿದ್ದು ಇದೇ ಗ್ರಂಥಾಲಯದಲ್ಲಿ. ಪ್ರತಿ ಶನಿವಾರ ನಾನು ಈ ಪುಸ್ತಕವನ್ನೇ ಒಯ್ಯುತ್ತಿದ್ದೆ, ಮರುವಾರ ತಂದು ಮತ್ತೆ ಅದನ್ನೇ ಕೇಳುತ್ತಿದ್ದೆ. ಒಂದು ಜೇನುಹುಳವನ್ನೂ ಸಾಕಲಿಲ್ಲ. ಮನೆಯಲ್ಲೀಗ ಅವಳ ಕೈಬರಹದ ಒಂದು ಚೀಟಿಯೂ ಉಳಿದಿಲ್ಲ. ರದ್ದಿ ಕೂಡಿಡಬಾರದೆಂಬುದು ನನ್ನದೇ ಕಾನೂನು.

"ಬಸಪ್ಪಾ, ಉಳಿದದ್ದೆಲ್ಲಾ ವಾಪಸ್ ಕೊಡಪಾ."

"ನಿಮ್ಮ ಅಂಗಡ್ಯಾಗಿನ ದೊಡ್ಡ ಗ್ಯಾಸ್ ಒಲಿ ಕೊಡ್ರಿ. ಗರಜು ಇದ್ದಾಂವ ಸಿಕ್ಕರ ಬಿಡಬ್ಯಾಡ ಅಂತ ಹೇಳಿದವ್ರು ನೀವ ಅಲ್ರೀ?"

ಒಲೆ ಕೊಟ್ಟೆ. ಜನ್ಮದಲ್ಲಿ ಮೊದಲ ಸಲ ಚೌಕಾಶಿ ಮಾಡಲಿಲ್ಲ.

ಪೆಟ್ಟಿಗೆ, ಕಾರ್ಡು ಎರಡೂ ಗ್ರಂಥಾಲಯಕ್ಕೆ ಮರಳಿದವು. ಕಳೆದುಹೋದ ಕಾರ್ಡುಗಳಿಗಾಗಿ ಒಂದೊಂದೇ ಪುಸ್ತಕ ತೆಗೆದು ಧೂಳು ಕುಡಿದು ರೇಷ್ಮಾಳ ಕೈಯಿಂದ ಬರೆಸಿದೆ. ಕೂಲಿಯಾಗಿ ಆ ಒಂದು ಕಾರ್ಡು ಕೇಳಿದೆ.

"ಅದು ಗ್ರಂಥಾಲಯದ್ರಿ ಕಾಕಾ. ನೋಡಬೇಕಂದ್ರ ಇಲ್ಲೇ ಬರ್ರಿ."

ಈಗ ಪ್ರತಿ ಶನಿವಾರ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಹೋಗುತ್ತೇನೆ. 'ಜ' ಖಾನೆ ಎಳೆಯುತ್ತೇನೆ. ಹೋದ ವಾರ ರೇಷ್ಮಾ, "ಯಾಕ್ರೀ ಕಾಕಾ, ಕಣ್ಣಾಗ ನೀರು?" ಅಂದಳು.

"ಗಿರಮಿಟ್ಟಿನ ಉಳ್ಳಾಗಡ್ಡಿ ಹತ್ತೇತವಾ ಕಾರ್ಡಿಗೆ. ಕಣ್ಣ ಉರೀತಾವ."

"ಅದು ಒಣಗಿ ತಿಂಗಳಾತ್ರಿ."

ಈ ನೆಪದಷ್ಟು ಕಳಪೆ ಮಾಲನ್ನು ನಾನು ಯಾರಿಗೂ ಸಾಗಹಾಕಲು ನೋಡಿರಲಿಲ್ಲ!