ಕಾರು ಒರೆಸುವ ಟವೆಲ್ಲಿನ ಮಡಿ

ಇಲ್ಲಿ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಬೋರ್‌ವೆಲ್ಲಿನ ಮೋಟರು ಈ ಬೇಸಿಗೆಯಲ್ಲೇ ಸುಟ್ಟುಹೋಗಲಿ. ಕಡೂರಿನಲ್ಲಿ ಗಾಡಿ ತೊಳೆಯುವ ವಾಟರ್ ಸರ್ವಿಸ್ ಇಟ್ಟುಕೊಂಡವನು ಇದಕ್ಕಿಂತ ದೊಡ್ಡ ಆಣೆ ಇಡಲಾರ. ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಅಂತ ಒಂದು ದಿನ ಹೆಂಡತಿಯನ್ನು ಕೇಳಿದೆ. "ಎಲ್ಲರಿಗೂ ಆಗ್ತವೆ ಕಣ್ರೀ. ಅವರು ಮರ್ಯಾದೆಗೆ ಅಂಜಿ ಸುಮ್ನಿರ್ತಾರೆ" ಅಂದಳು.

ಇಪ್ಪತ್ತೆರಡು ವರ್ಷ ನಾನು ತೊಳೆದದ್ದು ಟ್ರಾಕ್ಟರು, ಲಾರಿ, ಗೊಬ್ಬರ ಹೊಡೆದು ಬಂದ ಟ್ರೈಲರು. ಅವಕ್ಕೆ ಟವೆಲ್ ಬೇಡ, ಪೈಪು ಹಿಡಿದರೆ ಸಾಕು. ಆದರೆ ಟ್ರೈಲರಿನ ಕೆಳಗೆ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ಇನ್ನು ಕಾರು ಮಾತ್ರ ತೊಳೆಯುವುದು ಅಂತ ತೀರ್ಮಾನಿಸಿದ ವಾರದಲ್ಲೇ ತರೀಕೆರೆಯ ನಿವೃತ್ತ ಹೆಡ್‌ಮಾಸ್ತರರು ತಮ್ಮ ಹೊಸ ಕರೀ ಕಾರು ತಂದು ನಿಲ್ಲಿಸಿದರು. ಆ ಊರಲ್ಲಿ ಕಾರಿಟ್ಟಿರುವ ಅರ್ಧ ಜನ ಅವರ ಕೈಲಿ ಏಟು ತಿಂದವರು. ಮೇಷ್ಟ್ರು ಎಲ್ಲಿ ತೊಳೆಸುತ್ತಾರೋ ಶಿಷ್ಯರೂ ಅಲ್ಲೇ. ಅಂದರೆ ಮೇಷ್ಟ್ರು ಉಳಿದರೆ ನನ್ನ ಸೊಂಟ ಉಳಿಯಿತು. ಅವರು ಹೋದರೆ ನಾನು ಮತ್ತೆ ಟ್ರೈಲರಿನ ಕೆಳಗೆ.

ಅವರು ಭೂತಗನ್ನಡಿ ಇಟ್ಟುಕೊಂಡು ಕಾರು ನೋಡುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಟವೆಲ್ಲು ನೀರು ಕುಡಿಯದೆ ಮುಷ್ಕರ ಹೂಡಿದ್ದು

ಕರೀ ಕಾರು ಹೆಸರಿಗಷ್ಟೇ ಕಾರು. ಬೆರಳಿಟ್ಟರೆ ಗುರುತು, ಉಸಿರು ಬಿಟ್ಟರೆ ಕಲೆ. ಅದಕ್ಕೇ ನನ್ನ ಅಣ್ಣನ ಮಗಳು ಎಂಟು ಮೈಕ್ರೋಫೈಬರ್ ಟವೆಲ್ಲು, ಕೈಗೆ ಹಾಕಿಕೊಂಡು ಕಾರು ತಿಕ್ಕುವ ಎರಡು ಗ್ಲೌಸು ತಂದುಕೊಟ್ಟಳು. ಗ್ಲೌಸು ಕೆಂಪು ಬಣ್ಣದ್ದು, ಮೈತುಂಬ ಜೂಲು. ಜೊತೆಗೆ ನಿಯಮ ಹೇಳಿದಳು. "ಚಿಕ್ಕಪ್ಪ, ಬೇರೆ ಬಟ್ಟೆ ಜೊತೆ ಒಗೀಬಾರ್ದು. ಇಸ್ತ್ರಿ, ಬಿಸಿ ಯಾವುದೂ ತಾಕಿಸ್ಬಾರ್ದು. ಚಕ್ರದ ಟವೆಲ್ ಚಕ್ರಕ್ಕೆ, ಮೈಯಿನ ಟವೆಲ್ ಮೈಗೆ. ನೆಲಕ್ಕೆ ಬಿದ್ರೆ ಮತ್ತೆ ಒಗೀಬೇಕು." ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ನಮ್ಮ ಮದ್ವೆ ಸೀರೆಗೂ ಇಷ್ಟು ಉಪಚಾರ ಮಾಡಿಲ್ಲ" ಅಂತ ಒಳಗೆ ಹೋದಳು.

ಆದರೂ ಪಾಪ, ಪ್ರೀತಿಯಿಂದಲೇ ಒಗೆದಳು. ಪ್ರೀತಿ ಹೆಚ್ಚಾಗಿ ಕೊನೇ ನೀರಿಗೆ, ಬಟ್ಟೆ ಮೆತ್ತಗಾಗಲಿ ಅಂತ ಹಾಕುತ್ತಾರಲ್ಲ, ಆ ಘಮಘಮ ಲಿಕ್ವಿಡ್ಡನ್ನು ಎರಡು ಮುಚ್ಚಳ ಹಾಕಿದಳು. ಹಾಗೆ ಮಾಡಿದರೆ ಆ ಟವೆಲ್ಲು ನೀರು ಹೀರುವುದನ್ನೇ ಬಿಡುತ್ತದೆ ಅಂತ ನಮಗೇನು ಗೊತ್ತು? ಮೇಷ್ಟ್ರ ಕಾರಿನ ಬಾನೆಟ್ಟು ಒರೆಸಲು ಕೂತೆ. ನೀರು ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು, ಆ ಕಡೆಯಿಂದ ಮತ್ತೆ ನನ್ನ ಕಡೆಗೇ ಬರುತ್ತಿತ್ತು. ಒಂದು ಗಂಟೆ ಒರೆಸಿದೆ. ಮೂರು ತಾಲ್ಲೂಕಿನಲ್ಲಿ ಒಂದೇ ಬಾನೆಟ್ಟನ್ನು ಒಂದು ಗಂಟೆ ಒರೆಸಿದವನು ನಾನೊಬ್ಬನೇ ಇರಬೇಕು.

ಮೇಷ್ಟ್ರು ಭೂತಗನ್ನಡಿ ಹಿಡಿದು ಬಗ್ಗಿದರು. ಬಾನೆಟ್ಟಿನ ತುಂಬ ಅರ್ಧಚಂದ್ರಾಕಾರದ ಪಟ್ಟೆ.

"ಒರೆಸು ಅಂದ್ರೆ ಸಾರಿಸಿದ್ದೀಯಲ್ಲಯ್ಯ" ಅಂದರು. "ಇನ್ನು ರಂಗೋಲಿ ಒಂದು ಬಾಕಿ."

ಹೊಟ್ಟು ಆರಿಸಿದ್ದು

ಆ ಘಮಘಮ ಹೋಗಲು ಟವೆಲ್ಲನ್ನು ಬರೀ ನೀರಲ್ಲಿ ನಾಲ್ಕು ಸಲ ಜಾಲಿಸಿದೆ. ಹೆಂಡತಿಯಿಂದ ಒಗೆಯುವ ಖಾತೆ ಕಿತ್ತುಕೊಂಡು ನಾನೇ ಇಟ್ಟುಕೊಂಡೆ. ಅವಳು ತಡೆಯಲಿಲ್ಲ. ಅವಳ ಮುಖದಲ್ಲಿ ಅಂಥ ನೆಮ್ಮದಿ ನಾನು ಮಗಳ ಮದುವೆ ಮುಗಿದ ದಿನ ನೋಡಿದ್ದೆ, ಆಮೇಲೆ ಅವತ್ತೇ ನೋಡಿದ್ದು.

ಒಗೆಯುವುದರಲ್ಲಿ ನಾನು ಮೊದಲ ದಿನವೇ ಪಳಗಿದೆ. ಸೋತದ್ದು ಒಣಗಿಸುವುದರಲ್ಲಿ. ಒಕ್ಕಣೆ ಕಾಲ ಬಂದಾಗ ನಮ್ಮ ಕಡೆ ಕಣ ಮಾಡುವವರು ಕಡಿಮೆ. ಹುರುಳಿ ಬಳ್ಳಿ ಕಿತ್ತು ತಂದು ಟಾರು ರಸ್ತೆಗೆ ಹಾಸುತ್ತಾರೆ, ಹೋಗುವ ಬರುವ ಗಾಡಿಗಳೇ ತುಳಿದು ಒಕ್ಕಿ ಕೊಡುತ್ತವೆ. ನಮ್ಮ ಮನೆಯ ಮುಂದೆ ಅಷ್ಟುದ್ದ ಹಾಸಿದ್ದರು. ಕಡೂರಿನ ಗಾಳಿ ಗೊತ್ತಲ್ಲ. ಹೊಟ್ಟೆಲ್ಲ ಎದ್ದು ನೆಟ್ಟಗೆ ನನ್ನ ತಂತಿಗೆ ಬಂತು. ಮೈಕ್ರೋಫೈಬರಿನ ಗುಣವೇ ಅದು, ಸಿಕ್ಕಿದ್ದನ್ನು ಬಿಡುವುದಿಲ್ಲ. ನಾನು ನೋಡದೆ ಅದರಲ್ಲೇ ಮೇಷ್ಟ್ರ ಕಾರು ಒರೆಸಿದೆ.

ಭೂತಗನ್ನಡಿ ಹೊರಗೆ ಬಂತು. ಕೂದಲೆಳೆಯಂಥ ಏಳು ಗೀರು. ಮೇಷ್ಟ್ರು ಒಂದೊಂದನ್ನೂ ನನ್ನ ಕೈಲೇ ಮುಟ್ಟಿಸಿ ಎಣಿಸಿದರು.

"ನೋಡಪ್ಪಾ, ನಾನು ಬೀರೂರು ದಾಟಿ ನಿನ್ನ ಹತ್ರ ಬತ್ತೀನಿ. ಬೀರೂರಲ್ಲೂ ಒಬ್ಬ ಹೊಸದಾಗಿ ಇಟ್ಟವ್ನೆ, ನೊರೆ ಮೆಷಿನ್ನು ತಂದವ್ನೆ. ಎರಡು ಸಲ ಆಯ್ತು. ಇನ್ನೊಂದು ಗೀರು ಕಂಡ್ರೆ ಕಾರು ಅಲ್ಲೇ ನಿಲ್ಲುತ್ತೆ."

ನನ್ನ ಸೊಂಟದಲ್ಲಿ ಆಗಲೇ ಚಳುಕು ಎದ್ದಿತು.

ಒಳಗೆ ಬಂದು ಮುಳ್ಳು ತೆಗೆಯುವ ಚಿಮಟ ಹಿಡಿದು ಕೂತೆ. ಅರ್ಧ ಟವೆಲ್ಲಿಗೆ ಕಣ್ಣು ಮಂಜಾಯಿತು. ನೋಡಲಾರದೆ ಬೀದಿಯ ನಾಲ್ಕು ಹೆಂಗಸರು ಬಂದರು. ಮೊರದಲ್ಲಿ ಟವೆಲ್ಲು ಹರಡಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹೊಟ್ಟು ಆರಿಸತೊಡಗಿದರು. ಊಟದ ಹೊತ್ತಿಗೆ ಕೂತವರು ಕಾಫಿ ಹೊತ್ತಾದರೂ ಏಳಲಿಲ್ಲ. ಯಾರ ಮನೆಯ ಸೊಸೆ, ಯಾರ ಮನೆಯ ಜಗಳ, ಎಲ್ಲವೂ ಆ ಎಂಟು ಟವೆಲ್ಲಿನ ಮೇಲೆ ಹಾದುಹೋದವು. ಕೊನೆಗೆ ಒಂದು ಎಳೆಯೂ ಉಳಿಯದಂತೆ ಮಾಡಿ ಮಡಚಿ ಕೊಟ್ಟರು. ನಾನು ಕೈಮುಗಿದೆ.

ಎದುರು ಮನೆಯವಳು ಸೆರಗು ಕೊಡವಿಕೊಂಡು ಹೇಳಿದಳು. "ನಾಳೆನೂ ಒಂಚೂರು ಹೊಟ್ಟಿನ ಕಡೆಗೇ ಒಣಗಾಕಣ್ಣ. ಕತೆ ಅರ್ಧಕ್ಕೆ ನಿಂತೈತೆ."

ಬೀಗರ ಮುಖ

ಚಕ್ರ ಒರೆಸುವ ಟವೆಲ್ಲಿಗೆ ಗುರುತಿರಲಿ ಅಂತ ಮೂಲೆಗೆ ಕರೀ ದಾರದಲ್ಲಿ ಹೊಲಿಗೆ ಹಾಕಿದ್ದೆ. ಈ ಗುರುತು ನನಗೆ ಗೊತ್ತು, ಹೆಂಡತಿಗೆ ಗೊತ್ತು. ಬೀಗರಿಗೆ ಹೇಗೆ ಗೊತ್ತಿರಬೇಕು?

ಮಗಳ ಮಾವನವರು ಒಂದು ಭಾನುವಾರ ಹೇಳದೆ ಕೇಳದೆ ಬಂದರು. ಬಂದವರು ಹಿತ್ತಲಿಗೆ ಹೋಗಿ ಕೈಕಾಲು ಮುಖ ತೊಳೆದುಕೊಂಡರು. ನಾನು ಒಳಗಿಂದ ಒಳ್ಳೇ ಟವೆಲ್ಲು ಹುಡುಕಿ ತರುವಷ್ಟರಲ್ಲಿ ತಂತಿಯ ಮೇಲಿದ್ದುದನ್ನು ಎಳೆದುಕೊಂಡು ಮುಖ ಒತ್ತಿ ಒತ್ತಿ ಒರೆಸಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಕರೀ ದಾರ ಕಾಣಿಸಿತು.

"ಎಂಥಾ ಮೆತ್ತಗೈತೆ ಬೀಗ್ರೇ ಇದು" ಅಂದರು.

ಹಣೆಯ ಮೇಲೆ ಅಡ್ಡಡ್ಡ ಮೂರು ಕರೀ ಪಟ್ಟೆ ಮೂಡಿತ್ತು. ಹೆಣ್ಣು ಕೊಟ್ಟ ಮನೆ. ನಿಮ್ಮ ಮುಖಕ್ಕೆ ಚಕ್ರದ ಗ್ರೀಸು ಹತ್ತಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಊಟಕ್ಕೆ ಕೂತಾಗ ನಾನು ಅನ್ನ ನೋಡಿಕೊಂಡು ಉಂಡೆ, ಹೆಂಡತಿ ಗೋಡೆ ನೋಡಿಕೊಂಡು ಬಡಿಸಿದಳು. ಹೊರಡುವಾಗ ಬೀಗರು ಸಂಕೋಚ ಬಿಟ್ಟು ಅದೇ ಟವೆಲ್ಲು ಕೇಳಿದರು. ಕೊಟ್ಟು ಕಳಿಸಿದೆ.

ವಾರ ಬಿಟ್ಟು ಫೋನ್ ಮಾಡಿದರು. "ಬೀಗ್ರೇ, ಮಂಡಿನೋವಿಗೆ ಅದನ್ನೇ ಸುತ್ಕೊಂಡು ಮಲಗ್ತೀನಿ. ಅದೇನೋ ಔಷಧಿ ವಾಸ್ನೆ ಬತ್ತದೆ, ನೋವೇ ಇಲ್ಲ. ಇನ್ನೊಂದು ಕಳಿಸಿ."

ಈಗ ನಾನು ತಿಂಗಳಿಗೊಂದು ಟವೆಲ್ಲಿಗೆ ಗ್ರೀಸು ಹಚ್ಚಿ ಕಳಿಸುತ್ತಿದ್ದೇನೆ.

ಅಜ್ಜಂಪುರದ ಅತ್ತೆ

ಅಪ್ಪನ ತಂಗಿ ಅಜ್ಜಂಪುರದಲ್ಲಿದ್ದಾರೆ. ಎಂಬತ್ತರ ಹತ್ತಿರ. ಮಡಿ ಎಂದರೆ ಮಡಿ. ಅವರು ನಮ್ಮಲ್ಲಿಗೆ ಬಂದರೆ ಹಿತ್ತಲ ತಂತಿ ಅವರದ್ದಾಗುತ್ತದೆ. ಒದ್ದೆ ಸೀರೆಯನ್ನು ಕೋಲಿನಲ್ಲಿ ಎತ್ತಿ ಹರಡುತ್ತಾರೆ, ಕೋಲಿನಲ್ಲೇ ತೆಗೆಯುತ್ತಾರೆ. ನಾವು ಯಾರೂ ಆ ಕಡೆ ಸುಳಿಯಬಾರದು. ಸಣ್ಣವನಿದ್ದಾಗಿಂದ ಅವರ ಬಾಯಲ್ಲಿ ನಾನು ಕೇಳಿದ್ದು ಒಂದೇ ಮಾತು, "ಲೋ, ಮುಟ್ಟಬೇಡ್ವೋ."

ಈ ಸಲ ಬಂದಾಗ ತಂತಿಯ ಮೇಲೆ ನನ್ನ ಟವೆಲ್ಲುಗಳಿದ್ದವು. ಸೀರೆಗೆ ಜಾಗ ಮಾಡೋಣ ಅಂತ ಅತ್ತೆ ಕೈ ಚಾಚಿದರು. ನನಗೆ ಅರಿವಿಲ್ಲದೆ ಬಾಯಿಗೆ ಬಂದುಬಿಟ್ಟಿತು.

"ಅತ್ತೇ, ಮುಟ್ಟಬೇಡಿ."

ಚಾಚಿದ ಕೈ ಹಾಗೇ ನಿಂತಿತು. ಎಪ್ಪತ್ತು ವರ್ಷ ಆ ಮಾತನ್ನು ಬೇರೆಯವರಿಗೆ ಹೇಳಿದವರು, ಹೇಳಿಸಿಕೊಂಡದ್ದು ಅದೇ ಮೊದಲು.

"ಯಾಕೋ?"

"ಕೈಯಲ್ಲಿ ಹತ್ತಿಬಟ್ಟೆ ಎಳೆ ಇರುತ್ತೆ. ಅಂಟಿಕೊಂಡ್ರೆ ಮತ್ತೆ ಒಗೀಬೇಕು."

"ನೆಲಕ್ಕೆ ಬಿದ್ರೆ?"

"ಮತ್ತೆ ಒಗೀಬೇಕು."

"ಬೇರೆ ಬಟ್ಟೆ ತಾಗಿದ್ರೆ?"

"ಆಗ್ಲೂ ಒಗೀಬೇಕು. ಬಕೆಟ್ಟೂ ಬೇರೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೋಲು ತಂದು ನನ್ನ ಕೈಗೆ ಕೊಟ್ಟರು. ಒಳಗೆ ಹೋಗಿ ಅಜ್ಜಂಪುರಕ್ಕೆ ಫೋನು ಹಚ್ಚಿಸಿಕೊಂಡು ಅಲ್ಲಿದ್ದವರಿಗೆಲ್ಲ ಹೇಳಿದರು. "ನಮ್ಮ ಹುಡುಗ ಐವತ್ತೆಂಟಕ್ಕಾದ್ರೂ ಆಚಾರಕ್ಕೆ ಬಂದ ಕಣ್ರೇ. ದೇವರು ಯಾವುದು ಅಂತ ಮಾತ್ರ ಹೇಳ್ತಿಲ್ಲ."

ಬೀರೂರಿಗೆ ಹೋಗಿ ಬಂದದ್ದು

ಇಷ್ಟೆಲ್ಲ ಮಾಡಿದವನಿಗೆ ಪರೀಕ್ಷೆ ಬಂದದ್ದು ಟವೆಲ್ಲುಗಳೆಲ್ಲ ಒದ್ದೆಯಿದ್ದ ಬೆಳಗ್ಗೆ. ಆಗಷ್ಟೇ ಒಗೆದಿದ್ದೆ. ಮೋಡ ಮುಚ್ಚಿತ್ತು. ವರ್ಷವಿಡೀ ಬೀಸುವ ನಮ್ಮೂರ ಗಾಳಿ ಅವತ್ತು ರಜೆ ಹಾಕಿತ್ತು. ಮೇಷ್ಟ್ರು ಬಂದು ಇಳಿದರು.

"ಮೊಮ್ಮಗನಿಗೆ ಹಿರೇನಲ್ಲೂರಲ್ಲಿ ಹೆಣ್ಣು ನೋಡೋಕೆ ಹೋಗ್ಬೇಕು. ಕಾರು ನೋಡಿನೇ ಅವರು ನಮ್ಮನ್ನ ಅಳೆಯೋದು. ತೊಳೆದಿಡು. ಇಲ್ಲೇ ನೆಂಟರ ಮನೆಗೆ ಹೋಗಿ ಬತ್ತೀನಿ, ಒಂದು ಗಂಟೆ." ಜೇಬಿನ ಭೂತಗನ್ನಡಿ ಮುಟ್ಟಿ ತೋರಿಸಿದರು. "ಎರಡು ಸಲ ಆಗೈತೆ. ನೆನಪೈತಲ್ಲ."

ನೆನಪಿಲ್ಲದೆ ಏನು, ಸೊಂಟ ನನ್ನದಲ್ಲವೇ.

ಕಾರು ತೊಳೆದೆ. ಒರೆಸಲು ಒಣ ಟವೆಲ್ಲಿಲ್ಲ. ಇಸ್ತ್ರಿ ಮಾಡುವಂತಿಲ್ಲ, ಒಲೆಯ ಹತ್ತಿರ ಹಿಡಿಯುವಂತಿಲ್ಲ. ಬೇಕಾದ್ದು ಬರೀ ಗಾಳಿ. ಗಾಳಿ ಬರದಿದ್ದರೆ ನಾವೇ ಅದರ ಹತ್ತಿರ ಹೋಗಬೇಕು ಅಂತ ನನಗೆ ಹೊಳೆಯಿತು. ಇಂಥದ್ದು ಸಾಮಾನ್ಯರಿಗೆ ಹೊಳೆಯುವುದಿಲ್ಲ.

ಮೊಪೆಡ್ ತೆಗೆದೆ. ಹೆಂಡತಿಯನ್ನು ಹಿಂದೆ ಕೂರಿಸಿದೆ. ಬಿದಿರು ಗಳುವಿಗೆ ಟವೆಲ್ಲುಗಳನ್ನು ಕ್ಲಿಪ್ಪು ಹಾಕಿ ಸಿಕ್ಕಿಸಿ, ಗಳು ಬೆನ್ನಿಗೆ ಕಟ್ಟಿಕೊಂಡೆ. ನೀಲಿ, ಹಳದಿ, ಬೂದು. ಕೆಂಪು ಜೂಲಿನ ಗ್ಲೌಸನ್ನು ಹೆಂಡತಿಯ ಎರಡೂ ಕೈಗೆ ಹಾಕಿ, "ಕೈ ಮೇಲೆತ್ತಿ ಹಿಡ್ಕೋ" ಅಂದೆ.

"ರೀ, ನಮ್ಮಪ್ಪ ಯಾವ ಮುಹೂರ್ತದಲ್ಲಿ..." ಅನ್ನುವಷ್ಟರಲ್ಲಿ ಗಾಡಿ ಬಿಟ್ಟೆ. ಬೀರೂರಿಗೆ ಹೋಗಿ ಬಂದರೆ ಒಣಗುತ್ತದೆ ಅಂತ ನನ್ನ ಲೆಕ್ಕ.

ಊರು ದಾಟುವ ಮೊದಲೇ ಜನ ಕೈ ಬೀಸತೊಡಗಿದರು. ಎತ್ತಿದ ಕೈ ಇಳಿಸುವಂತಿಲ್ಲವಲ್ಲ, ಹೆಂಡತಿಯೂ ಎಲ್ಲರಿಗೂ ಬೀಸಿದ ಹಾಗೆ ಕಾಣುತ್ತಿತ್ತು. ಒಂದು ಬೈಕು ಪಕ್ಕಕ್ಕೆ ಬಂತು.

"ಏನಕ್ಕ, ಏನಾದ್ರೂ ಹಂಚ್ತಿದ್ದೀರಾ?"

"ನನ್ನ ಪ್ರಾಣ ತಗೊಂಡೋಗಿ" ಅಂದಳು ಹೆಂಡತಿ.

ಅವನು ಅದನ್ನು ಇಲ್ಲ ಅಂತ ತಿಳಿಯಲಿಲ್ಲ. ಹಿಂದೆ ಬಂದ. ಅವನನ್ನು ನೋಡಿ ಇನ್ನೊಬ್ಬ. ಏನೋ ಹಂಚುತ್ತಾರಂತೆ ಅನ್ನುವ ಮಾತು ನನ್ನ ಮೊಪೆಡ್ಡಿಗಿಂತ ವೇಗವಾಗಿ ಓಡಿತು. ಬೀರೂರು ಸೇರುವಾಗ ನಮ್ಮ ಹಿಂದೆ ಹನ್ನೆರಡು ಬೈಕು. ತಿರುಗಿಸಲು ಜಾಗ ಸಿಕ್ಕಿದ್ದು ಆ ನೊರೆ ಮೆಷಿನ್ನಿನವನ ಅಂಗಡಿ ಮುಂದೆಯೇ. ಅವನು ಪೈಪು ಹಿಡಿದುಕೊಂಡು ನೋಡುತ್ತ ನಿಂತ.

"ಇದೇನಣ್ಣ?"

"ಟವೆಲ್ ಒಣಗಿಸ್ತಿದ್ದೀನಿ ಕಣೋ. ಹೊಸ ಪದ್ಧತಿ. ಓಡೋ ಗಾಳೀಲಿ ಒಣಗಿದ್ರೆ ಗೀರೇ ಬೀಳಲ್ಲ" ಅಂದು ಗಾಡಿ ತಿರುಗಿಸಿದೆ.

ಮರಳಿ ಬಂದು ಅಷ್ಟೂ ಟವೆಲ್ಲು ಬಿಚ್ಚಿ ಗಡಿಬಿಡಿಯಲ್ಲಿ ಕಾರು ಒರೆಸಿ ಮುಗಿಸಿದೆ. ಹನ್ನೆರಡು ಜನ ಬೈಕು ನಿಲ್ಲಿಸಿಕೊಂಡು ಅಂಗಳದಲ್ಲಿ ಕಾಯುತ್ತಲೇ ಇದ್ದರು. ಅಷ್ಟರಲ್ಲಿ ಮೇಷ್ಟ್ರು ಬಂದರು. ಆ ಸಾಲು ನೋಡಿ ನಿಂತರು.

"ಇಷ್ಟೂ ಜನ ನಿನ್ನ ಹತ್ರ ತೊಳೆಸೋಕೆ ಕಾಯ್ತಾವ್ರಾ?"

ನಾನು ಕಾರಿನ ಕಡೆ ಕೈ ತೋರಿಸಿ ಪಕ್ಕಕ್ಕೆ ಸರಿದೆ.

ಭೂತಗನ್ನಡಿ ಬಾನೆಟ್ಟಿನ ಮೇಲೆ ಹೋಯಿತು, ಬಾಗಿಲ ಮೇಲೆ ಹೋಯಿತು, ಡಿಕ್ಕಿಯ ಮೇಲೆ ಹೋಯಿತು. ನನ್ನ ಸೊಂಟ ಅದರ ಹಿಂದೆಯೇ ಹೋಯಿತು. ಮೇಷ್ಟ್ರು ನೆಟ್ಟಗೆ ನಿಂತು ಕನ್ನಡಿ ಜೇಬಿಗಿಟ್ಟರು.

"ಒಂದು ಗೀರಿಲ್ಲ. ಬೆಳಗ್ಗೆ ಬೀರೂರಲ್ಲಿ ಬರುವಾಗ ನೋಡ್ದೆ, ಅಲ್ಲಿ ನರಪಿಳ್ಳೆ ಇಲ್ಲ. ಇನ್ನು ನಾನು ಎಲ್ಲೂ ಹೋಗಲ್ಲ ಕಣಪ್ಪಾ. ಆ ಟವೆಲ್ಲು ಜೋಪಾನವಾಗಿ ಇಟ್ಕೋ."

ಹೀಗೆ ನನ್ನ ಸೊಂಟ ಉಳಿಯಿತು. ಹುಡುಗಿಯ ಮನೆಯವರೂ ಒಪ್ಪಿದರು.

ಇಲ್ಲಿ ಒಂದೇ ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು. ಕಾರು ಒರೆಸಿದ್ದು ಆ ಟವೆಲ್ಲಿನಲ್ಲಲ್ಲ. ಅವು ಒಣಗಿದ್ದೇನೋ ನಿಜ, ಆದರೆ ಕಡೂರು ಬೀರೂರು ನಡುವಿನ ದೂಳನ್ನೆಲ್ಲ ತುಂಬಿಕೊಂಡು ಹಪ್ಪಳದ ಹಾಗೆ ಆಗಿದ್ದವು. ಒರೆಸಿದ್ದರೆ ಕಾರಿನ ಬಣ್ಣವೇ ಕಿತ್ತು ಬರುತ್ತಿತ್ತು. ಹೆಂಡತಿ ಒಳಗೆ ಹೋಗಿ ತನ್ನ ಹಳೇ ವಾಯಿಲ್ ಸೀರೆ ತಂದು ನನ್ನ ಮುಖದ ಮೇಲೆ ಎಸೆದಳು. ಒರೆಸಿದ್ದು ಅದರಲ್ಲಿ.

ಇದನ್ನು ಮೇಷ್ಟ್ರಿಗೆ ಹೇಳಿದರೂ ಹೇಳಿ, ಬೀರೂರಿನವನಿಗೆ ಮಾತ್ರ ಹೇಳಬೇಡಿ. ಅವನೀಗ ದಿನಾ ಬೆಳಗ್ಗೆ ಬೆನ್ನಿಗೆ ಟವೆಲ್ಲು ಕಟ್ಟಿಕೊಂಡು ಕಡೂರಿಗೆ ಬಂದು ಹೋಗುತ್ತಿದ್ದಾನೆ.